ಅತ್ತಿಗೆ ಓಡದೆ ಕೂತ ದಿನ

ನನ್ನ ಅತ್ತಿಗೆಯಷ್ಟು ಚುರುಕಾಗಿ ನೆಲ ಒರೆಸುವವರನ್ನು ನಾನು ಕಂಡಿಲ್ಲ, ಇನ್ನು ಮುಂದೆ ಕಾಣುವ ಆಸೆಯೂ ಇಲ್ಲ. ಮೂವತ್ತೊಂದು ವರ್ಷ ದೊಡ್ಡ ಆಸ್ಪತ್ರೆಯೊಂದರಲ್ಲಿ ನೆಲ ತೊಳೆದವರು ಅವರು. ವಾರ್ಡಿನ ಆ ತುದಿಯಲ್ಲಿ ಯಾರಾದರೂ ವಾಂತಿ ಮಾಡಿಕೊಂಡರೆ, ನರ್ಸಮ್ಮ ಕರೆಯಲು ಬಾಯಿ ತೆರೆಯುವ ಮೊದಲೇ ಈ ತುದಿಯಿಂದ ಬಕೆಟ್ಟಿನ ಸಮೇತ ಹಾಜರ್. ಬಿದ್ದದ್ದು ನೆಲದಲ್ಲಿ ನಿಲ್ಲಬಾರದು ಎನ್ನುವುದು ಅವರ ಕೆಲಸದ ಮೊದಲ ಪಾಠ, ಕೊನೆಯ ಪಾಠವೂ ಅದೇ. ಅಲ್ಲಿ ಅವರ ನಿಜವಾದ ಹೆಸರು ಯಾರಿಗೂ ಗೊತ್ತಿರಲಿಲ್ಲ, ಎಲ್ಲರಿಗೂ ಅವರು ಫಿನಾಯಿಲಕ್ಕ. ಮನೆಯಲ್ಲೂ ಅದೇ ಚಾಳಿ. ಊಟಕ್ಕೆ ಕೂತಾಗ ನನ್ನ ಕೈಯಿಂದ ಒಂದು ಚೂರು ಜಾರಿದರೆ, ಅದು ನೆಲ ಮುಟ್ಟುವಷ್ಟರಲ್ಲಿ ಒದ್ದೆ ಬಟ್ಟೆ ಬಂದಿರುತ್ತಿತ್ತು. ಅವರು ಈ ಮನೆಗೆ ಬಂದಾಗಿನಿಂದ ನಾನು ನೆಮ್ಮದಿಯಾಗಿ ಚೆಲ್ಲಿಕೊಂಡು ತಿಂದದ್ದೇ ಇಲ್ಲ.

ನಾನು ಹೊಲಿಗೆಯವಳು, ಶಾಲೆ ಮಕ್ಕಳ ಅಂಗಿ ಹೊಲಿಯುತ್ತೇನೆ. ಹಿತ್ತಿಲಿನ ಕಡೆಯ ಕಿಟಕಿಯ ಕೆಳಗೆ ನನ್ನ ಮಿಷನ್ನು. ಅಣ್ಣ ಗಡಿಯಾರ ರಿಪೇರಿಯವನು, ಬೀದಿಗೆ ಮುಖ ಮಾಡಿದ ಮುಂದಿನ ಕೋಣೆಯೇ ಅವನ ಅಂಗಡಿ. ಮನೆಯಲ್ಲಿ ನಾವು ಮೂವರೇ. ಅಣ್ಣ ಅತ್ತಿಗೆಗೆ ಮಕ್ಕಳಾಗಲಿಲ್ಲ, ನಾನು ಮದುವೆಯ ಗೊಡವೆಗೆ ಹೋಗಲಿಲ್ಲ. ಹಾಗಂತ ಯಾರೂ ಮೂಲೆ ಹಿಡಿದು ಅಳುತ್ತ ಕೂತಿರಲಿಲ್ಲ. ಜಗಳ ಆಡುವುದಕ್ಕೆ ಮೂವರು ಧಾರಾಳವಾಗಿ ಸಾಕು.

ನಿವೃತ್ತಿಯ ದಿನ ಆಸ್ಪತ್ರೆಯವರು ಅತ್ತಿಗೆಗೆ ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಗಡಿಯಾರ ರಿಪೇರಿಯವನ ಹೆಂಡತಿಗೆ ಗೋಡೆ ಗಡಿಯಾರ! ಅಣ್ಣ ಅದನ್ನು ಇಸಿದುಕೊಂಡು ಟಿಕ್ ಟಿಕ್ ಕೇಳಲು ಕಿವಿಗೆ ಹಿಡಿದ. ಆದರೆ ಅತ್ತಿಗೆಯ ಇನ್ನೊಂದು ಕಂಕುಳಲ್ಲಿ ಹತ್ತಿ ತುಂಬಿ ಬರುವ ರಟ್ಟಿನ ಪೆಟ್ಟಿಗೆ ಇತ್ತು, ಅದರೊಳಗೆ ಒಂದು ಕಂದು ನಾಯಿಮರಿ. ಆಸ್ಪತ್ರೆಯ ಬಟ್ಟೆ ಒಗೆಯುವ ಕಟ್ಟೆಯ ಹಿಂದೆ ಐದು ಮರಿಗಳಿದ್ದವಂತೆ. ತಾಯಿ ಪತ್ತೆಯಿಲ್ಲ. ನಾಲ್ಕನ್ನು ಯಾರುಯಾರೋ ಒಯ್ದರು, ಇದೊಂದು ಯಾರಿಗೂ ಬೇಡವಾಗಿ ಉಳಿಯಿತು. ಅತ್ತಿಗೆ ಅದಕ್ಕೆ ಬಟಾಣಿ ಎಂದು ಹೆಸರಿಟ್ಟರು.

ಅತ್ತಿಗೆ ಎಲ್ಲಿ ಹೋದರೂ ಬಟಾಣಿ ಅವರ ಹಿಮ್ಮಡಿಗೆ ಅಂಟಿಕೊಂಡೇ ಹೋಗುತ್ತಿತ್ತು. ಅವರು ಸ್ನಾನಕ್ಕೆ ಹೋದರೆ ಬಾಗಿಲ ಸಂದಿಗೆ ಮೂಗು ಇಟ್ಟು ಕಾಯುತ್ತಿತ್ತು. ನಾಯಿಯನ್ನು ತಲೆ ಮೇಲೆ ಕೂರಿಸಿಕೊಂಡಿದ್ದೀರಿ ಎಂದು ಒಂದು ದಿನ ನಾನು ಗೊಣಗಿದೆ. ಅತ್ತಿಗೆ ಮರಿಯ ಕಿವಿ ಉಜ್ಜುತ್ತ ಮೆಲ್ಲಗೆ ಹೇಳಿದರು.

"ಮೂವತ್ತೊಂದು ವರ್ಷ ನಾನು ಒರೆಸಿದ ನೆಲದ ಮೇಲೆ ಎಲ್ರೂ ನಡ್ಕೊಂಡು ಹೋದ್ರು ಪುಟ್ಟಿ. ನಾನು ಬರ್ತೀನಿ ಅಂತ ಕಾದಿದ್ದು ಇದೊಂದೇ."

ನನಗೆ ಐವತ್ತೆರಡಾಗಿದ್ದರೂ ಅವರಿಗೆ ನಾನು ಪುಟ್ಟಿಯೇ. ನಾನು ಮಿಷನ್ ತುಳಿಯುವುದನ್ನು ಮುಂದುವರಿಸಿದೆ.

ಮರಿ ಬಂದ ಮೂರನೇ ವಾರ ನಾನು ಅದರ ಒಂದು ಗುಟ್ಟನ್ನು ಕಂಡೆ. ಗುಟ್ಟು ಎಂದರೆ ದೊಡ್ಡ ಮಾತಾಯಿತು, ನಡು ಹಿತ್ತಿಲಲ್ಲಿ ಹಾಡಹಗಲೇ ನಡೆದದ್ದು. ಬಟಾಣಿ ಕಕ್ಕ ಮಾಡಿತು, ಎಂದಿನಂತೆ ಅತ್ತಿಗೆ ಬಕೆಟ್ಟು ಹಿಡಿದು ಓಡಿ ಬರುವಷ್ಟರಲ್ಲಿ ಹಿಂದಕ್ಕೆ ತಿರುಗಿತು, ಮಾಡಿದ್ದನ್ನೇ ಗಬಗಬ ತಿಂದಿತು. ಅದಾಗಿ ಸ್ವಲ್ಪ ಹೊತ್ತಿಗೆ ಅದೇ ಬಾಯಲ್ಲಿ, ನಾನು ಆಗಷ್ಟೇ ಗುಂಡಿ ಹಾಕಿ ಮುಗಿಸಿದ್ದ ಬಿಳಿ ಅಂಗಿಯನ್ನು ಎಳೆದುಕೊಂಡು ಹೋಯಿತು. ನಾನು ಅಂಗಿ ಬಿಡಿಸಿಕೊಳ್ಳಲು ಬಗ್ಗಿದರೆ ಪ್ರೀತಿ ಉಕ್ಕಿ ಬಂದು ನನ್ನ ತುಟಿಯನ್ನೇ ನೆಕ್ಕಿತು. ನಾನು ಅವತ್ತು ಎಷ್ಟು ಸಲ ಬಾಯಿ ತೊಳೆದೆನೋ ಲೆಕ್ಕವಿಲ್ಲ.

ಅತ್ತಿಗೆ ಸೋಲುವವರಲ್ಲ. ಪ್ರಾಣಿ ವೈದ್ಯರ ಹತ್ತಿರ ಎತ್ತಿಕೊಂಡು ಹೋದರು. ಹುಳು ಇಲ್ಲ, ರೋಗ ಇಲ್ಲ, ಊಟ ಸರಿಯಾಗಿದೆ, ಕೆಲವು ಮರಿಗಳು ಹೀಗೆ ಮಾಡುತ್ತವೆ, ಹೊಲಸನ್ನು ಹಾಗೇ ಬಿಡದೆ ಬೇಗ ತೆಗೆದುಬಿಡಿ ಎಂದರಂತೆ ಆ ಡಾಕ್ಟರಮ್ಮ. ಬೇಗ ತೆಗೆಯಿರಿ ಎಂದು ನನ್ನ ಅತ್ತಿಗೆಗೆ! ಅವರ ಕಾಲಿಗೆ ಚಕ್ರ ಕಟ್ಟಿದಂತಾಯಿತು. ಮರಿ ಹಿತ್ತಿಲಲ್ಲಿ ಸುತ್ತು ಹಾಕಲು ಶುರು ಮಾಡಿದರೆ ಸಾಕು, ಅಡುಗೆಮನೆ ಬಾಗಿಲಲ್ಲಿ ಕಸದ ಮೊರ, ಪೊರಕೆ ಹಿಡಿದು ಮೈಯೆಲ್ಲ ಕಣ್ಣಾಗಿ ನಿಲ್ಲುತ್ತಿದ್ದರು. ಅದು ಮುಗಿಸಿತು ಎಂದೊಡನೆ ಇವರು ಓಡುತ್ತಿದ್ದರು. ಇವರು ಓಡಿದೊಡನೆ ಅದು ತಿರುಗಿ ಬಾಯಿ ಹಾಕುತ್ತಿತ್ತು. ಅಣ್ಣ ಅಂಗಡಿಯಿಂದ ಕೈಗಡಿಯಾರ ತಂದು ಸಮಯ ಹಿಡಿದ. ಹೆಂಡತಿಗೆ ಒಂಬತ್ತು ಸೆಕೆಂಡು, ಮರಿಗೆ ಆರು. ಅತ್ತಿಗೆ ಒಂಬತ್ತನ್ನು ಏಳಕ್ಕೆ ಇಳಿಸಿದರು. ಮರಿ ಆರನ್ನು ನಾಲ್ಕಕ್ಕೆ ಇಳಿಸಿತು.

ನನ್ನ ತಾಳ್ಮೆ ಅಷ್ಟರಲ್ಲಿ ಮುಗಿದಿತ್ತು. ಊರಾಚೆಯ ಸಿಮೆಂಟು ಗೋದಾಮಿನ ಕಾವಲುಗಾರ ಮಗಳ ಅಂಗಿ ಹೊಲಿಸಲು ಬಂದಾಗ, ನಿಮಗೆ ನಾಯಿ ಬೇಕೇ ಎಂದು ನಾನೇ ಕೇಳಿದೆ. ಬೇಕು, ಸರಪಳಿ ಇದೆ, ಅದು ಏನು ತಿಂದರೆ ನನಗೇನು ಎಂದ. ಮನೆಯಲ್ಲಿ ಮೂರು ದಿನ ಇದೇ ಜಗಳ. ನಾಯಿ ಇರಬೇಕು, ಇಲ್ಲ ನಾನು ಇರಬೇಕು ಎಂದು ನಾನು ಪಟ್ಟು ಹಿಡಿದೆ. ಕೊನೆಗೆ ಅತ್ತಿಗೆಯೇ ಬಂದು ಬರುವ ಭಾನುವಾರದ ತನಕ ಸಮಯ ಕೇಳಿದರು. ಅಷ್ಟರಲ್ಲಿ ಆ ಚಾಳಿ ಬಿಟ್ಟರೆ ಮರಿ ನಮ್ಮದು, ಬಿಡದಿದ್ದರೆ ಗೋದಾಮಿನದು. ಹಾಗೆ ಕೇಳುವಾಗ ಅವರು ನನ್ನ ಮುಖ ನೋಡಲಿಲ್ಲ.

ಗುರುವಾರ ಬೆಳಿಗ್ಗೆ ಅತ್ತಿಗೆ ಓಡುವ ಭರದಲ್ಲಿ ತಾವೇ ತೊಳೆದಿಟ್ಟ ಒದ್ದೆ ಕಲ್ಲಿನ ಮೇಲೆ ಜಾರಿ ಬಿದ್ದರು. ಮೂವತ್ತೊಂದು ವರ್ಷ ಒದ್ದೆ ನೆಲದಲ್ಲೇ ಬದುಕಿ ಒಮ್ಮೆಯೂ ಜಾರದ ಹೆಂಗಸು. ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ, ಪಾದ ಮಾತ್ರ ಊದಿಕೊಂಡಿತು. ಎರಡು ದಿನ ಕಾಲು ನೆಲಕ್ಕಿಡಬೇಡಿ ಎಂದರು ಡಾಕ್ಟರು. ಅವರನ್ನು ಒಳಕೋಣೆಯ ಮಂಚದ ಮೇಲೆ ಮಲಗಿಸಿದೆವು. ಅಲ್ಲಿಂದ ಹಿತ್ತಿಲು ಕಾಣುವುದಿಲ್ಲ. ಮರಿಯನ್ನು ನೋಡಿಕೊಳ್ಳುವ ಭಾಗ್ಯ ನನ್ನ ಪಾಲಿಗೆ ಬಂತು.

ಅವತ್ತು ಮಧ್ಯಾಹ್ನ ನಾನು ಕಾಲರ್ ಹೊಲಿಯುತ್ತಿದ್ದೆ. ಹೊಲಿಗೆಯ ನಡುವೆ ನಾನು ಏಳುವವಳಲ್ಲ. ಮನೆಗೆ ಬೆಂಕಿ ಬಿದ್ದರೂ ತುದಿ ಮುಟ್ಟಿಸಿ ದಾರ ಕತ್ತರಿಸಿಯೇ ಏಳುವುದು. ಅರ್ಧಕ್ಕೆ ಬಿಟ್ಟ ಕಾಲರು ಮತ್ತೆ ನೆಟ್ಟಗೆ ಬರುವುದಿಲ್ಲ. ಕಿಟಕಿಯಾಚೆ ಬಟಾಣಿ ತನ್ನ ಕೆಲಸ ಮುಗಿಸಿತು. ಮುಗಿಸಿ, ಅಡುಗೆಮನೆ ಬಾಗಿಲನ್ನು ನೋಡಿತು. ಯಾರೂ ಓಡಿ ಬರಲಿಲ್ಲ. ಕಿಟಕಿಯ ಕಡೆ ನೋಡಿತು. ನನ್ನ ಮಿಷನ್ನು ಕಟಕಟ ಎನ್ನುತ್ತಲೇ ಇತ್ತು. ಆಮೇಲೆ ಅದು ತಾನು ಮಾಡಿದ್ದನ್ನು ಒಮ್ಮೆ ಮೂಸಿ, ಇದರಲ್ಲೇನಿದೆ ಎಂಬಂತೆ ಮುಖ ತಿರುಗಿಸಿ, ಒಣಗಿದ ಎಲೆಯೊಂದರ ಬೆನ್ನು ಹತ್ತಿ ಹೋಯಿತು. ನಾನು ಕಾಲರ್ ಮುಗಿಸಿ, ಮೂಗು ಮುಚ್ಚಿಕೊಂಡು ಹೋಗಿ, ಹಳೆಯ ಪತ್ರಿಕೆಯಲ್ಲಿ ಎತ್ತಿ ಹಾಕಿದೆ.

ಎಲ್ಲೋ ಆಕಸ್ಮಿಕ ಎಂದುಕೊಂಡೆ. ಶುಕ್ರವಾರ ಬೆಳಿಗ್ಗೆಯೂ ಹಾಗೇ ಆಯಿತು. ನನಗೆ ಅನುಮಾನ ಹುಟ್ಟಿತು. ಮಧ್ಯಾಹ್ನ ಅದು ಹಿತ್ತಿಲಲ್ಲಿ ಕೂತಾಗ ನಾನು ಬೇಕೆಂದೇ ಅತ್ತಿಗೆಯ ಹಾಗೆ ಮೊರ ಹಿಡಿದು ಬಾಗಿಲಿಂದ ಓಡಿದೆ. ಕಣ್ಣು ಮಿಟುಕಿಸುವುದರೊಳಗೆ ಅದು ಮಾಡಿದ್ದೆಲ್ಲ ಮಾಯ. ಆಗ ನನಗೆ ಅರ್ಥವಾಯಿತು. ಅತ್ತಿಗೆ ಜೀವ ಬಿಟ್ಟುಕೊಂಡು ಓಡಿ ಬರುವುದನ್ನು ನೋಡಿ, ಇದೇನೋ ಭಾರಿ ಒಳ್ಳೆಯ ವಸ್ತು, ಅಮ್ಮ ಕಿತ್ತುಕೊಳ್ಳುವ ಮೊದಲು ನಾನೇ ನುಂಗಿಬಿಡಬೇಕು ಎಂದು ಆ ಪೆದ್ದು ಮರಿ ತಿಳಿದಿತ್ತು. ಅವರು ಬೇಗ ಓಡಿದಷ್ಟೂ ಅದು ಬೇಗ ನುಂಗುತ್ತಿತ್ತು.

ಈಗ ಹೇಳುವ ಮಾತಿಗೆ ನನಗೆ ನಾಚಿಕೆಯಿದೆ. ನಾನು ಅದನ್ನು ಯಾರಿಗೂ ಹೇಳಲಿಲ್ಲ. ಭಾನುವಾರಕ್ಕೆ ಇನ್ನು ಎರಡೇ ದಿನ, ಬಾಯಿ ಮುಚ್ಚಿಕೊಂಡಿದ್ದರೆ ಪೀಡೆ ತೊಲಗುತ್ತದೆ ಎಂದು ಲೆಕ್ಕ ಹಾಕಿದೆ. ಅತ್ತಿಗೆ ಮಂಚದಿಂದಲೇ, ಇವತ್ತು ತಿಂತಾ ಎಂದು ಕೇಳಿದರು. ತಿಂತು ಎಂದೆ. ಸುಳ್ಳಲ್ಲ, ಆದರೆ ಅದು ಎಂಥ ನಿಜ ಎನ್ನುವುದು ನನಗೆ ಗೊತ್ತಿತ್ತು. ಅವರು ಗೋಡೆ ಕಡೆ ಹೊರಳಿದರು.

ಶನಿವಾರ ಬೆಳಿಗ್ಗೆ ಒಳಕೋಣೆಗೆ ಕಾಫಿ ಕೊಡಲು ಹೋದೆ. ಅತ್ತಿಗೆ ಎದ್ದು ಕೂತಿದ್ದರು. ಕುಂಟಿಕೊಂಡೇ ಹೋಗಿ ಮರಿಯ ತಟ್ಟೆ ತೊಳೆದು ಒರೆಸಿ ಚೀಲದಲ್ಲಿಟ್ಟಿದ್ದರು. ಅದರ ಹರಕು ಚೆಂಡನ್ನೂ ಸೋಪು ಹಾಕಿ ತೊಳೆದಿದ್ದರು.

"ಗೋದಾಮಿನ ನೆಲ ತಣ್ಣಗಿರುತ್ತೆ ಪುಟ್ಟಿ. ನಿನ್ನ ಹತ್ರ ಮಿಕ್ಕಿರೋ ಬಟ್ಟೆಲಿ ಇದಕ್ಕೊಂದು ಹಾಸಿಗೆ ಹೊಲ್ಕೊಡ್ತೀಯಾ?"

ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು, ತಮಗಾಗಿ ಒಂದು ರವಿಕೆ ಹೊಲಿದುಕೊಡು ಎಂದೂ ಕೇಳಿದವರಲ್ಲ ಅವರು. ಲೋಟ ಕೆಳಗಿಟ್ಟು, ಮಂಚದ ತುದಿಯಲ್ಲಿ ಕೂತು, ಎಲ್ಲವನ್ನೂ ಒಪ್ಪಿಸಿಬಿಟ್ಟೆ. ಕಾಲರಿನಿಂದ ಹಿಡಿದು ನಿನ್ನೆಯ ನನ್ನ ಓಟದ ತನಕ ಏನನ್ನೂ ಬಿಡಲಿಲ್ಲ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ನನ್ನನ್ನು ಬಿಟ್ಟು ತಮ್ಮ ಕೈಗಳನ್ನು ನೋಡಿಕೊಂಡರು.

"ಅಂದ್ರೆ ಇಷ್ಟು ದಿನ ನಾನೇ ತಿನ್ನಿಸ್ತಾ ಇದ್ದೆ," ಎಂದರು.

ಆಮೇಲೆ ಶುರುವಾಯಿತು ನೋಡಿ ಸಾಹಸ. ಅಣ್ಣ ಅಂಗಡಿ ಬಾಗಿಲು ಹಾಕಿ ಬಂದ. ಹಿತ್ತಿಲ ಕಟ್ಟೆಯ ಮೇಲೆ ಕುರ್ಚಿ ಹಾಕಿ ಅತ್ತಿಗೆಯನ್ನು ಕೂರಿಸಿದೆವು. ಮಾಡಬೇಕಾದದ್ದು ಇಷ್ಟೇ. ಏಳಬಾರದು, ಓಡಬಾರದು, ಬಿದ್ದದ್ದರ ಕಡೆ ನೋಡಲೂಬಾರದು. ಕೈಯಲ್ಲಿ ಬೇಯಿಸಿದ ಮೊಟ್ಟೆಯ ಚೂರು ಇಟ್ಟುಕೊಂಡು ಮೆಲ್ಲಗೆ ಹೆಸರು ಕರೆಯಬೇಕು. ಹೇಳಲು ಸುಲಭ. ಬಿದ್ದದ್ದನ್ನು ಕಂಡರೆ ಆ ಹೆಂಗಸಿನ ಕಾಲು ತಾನಾಗಿಯೇ ಏಳುತ್ತದೆ, ಊದಿದ ಕಾಲಾದರೂ ಅಷ್ಟೇ. ಮೊದಲ ಸಲ ಅರ್ಧ ಎದ್ದೇಬಿಟ್ಟರು. ಮರಿ ಅಷ್ಟನ್ನೇ ನೋಡಿ ನುಂಗಿಬಿಟ್ಟಿತು. ಅಣ್ಣ ತಲೆ ಮೇಲೆ ಕೈ ಹೊತ್ತ.

"ಪುಟ್ಟಿ, ನನ್ನ ಬಟ್ಟೆನ ಈ ಕುರ್ಚಿ ದಿಂಬಿಗೆ ಸೇರಿಸಿ ಹೊಲ್ದುಬಿಡು," ಎಂದರು ಅತ್ತಿಗೆ. ಮುಖದಲ್ಲಿ ತಮಾಷೆಯ ಸುಳಿವೇ ಇರಲಿಲ್ಲ.

ಹೊಲಿದೆ. ದೊಡ್ಡ ದೊಡ್ಡ ಟಾಕಿ ಹಾಕಿ, ಎರಡೂ ಪಕ್ಕ, ದಿಂಬಿಗೂ ಕುರ್ಚಿಯ ಬೆತ್ತದ ಹೆಣಿಗೆಗೂ ಸೇರಿಸಿ ಹೊಲಿದೆ. ನನ್ನ ಕಸುಬಿನಲ್ಲಿ ಮನುಷ್ಯರನ್ನು ಕುರ್ಚಿಗೆ ಹೊಲಿದದ್ದು ಅದೊಂದೇ ಸಲ. ಸಂಜೆ ಮರಿ ಮತ್ತೆ ಕೂತಿತು. ಅತ್ತಿಗೆ ಏಳಹೋದರು, ಕುರ್ಚಿಯೇ ಹಿಂದೆ ಎಳೆಯಿತು, ಕೂತರು. ಬಟಾಣಿ ಎಂದು ಕರೆದರು. ಮರಿ ಒಂದು ಗಳಿಗೆ ತಬ್ಬಿಬ್ಬಾಗಿ ನಿಂತು, ಮೊಟ್ಟೆಯ ವಾಸನೆ ಹಿಡಿದು ಬಂತು. ಒಂದು ಸಲ ಗೆದ್ದೆವು. ಆದರೆ ಒಂದು ಸಲದ ಗೆಲುವನ್ನು ನಂಬಿ ಯಾರು ನಿದ್ದೆ ಮಾಡುತ್ತಾರೆ?

ಭಾನುವಾರ ಕಾವಲುಗಾರ ಹೇಳಿದ್ದಕ್ಕಿಂತ ಮೊದಲೇ ಬಂದ, ಕೈಯಲ್ಲಿ ಸರಪಳಿ. ಹಿತ್ತಿಲಲ್ಲಿ ನಿಲ್ಲಿಸಿ, ಸ್ವಲ್ಪ ತಡೆಯಿರಿ ಎಂದೆ. ನಾನು ಸೂಜಿ ದಾರ ತಂದರೆ ಅತ್ತಿಗೆ ಬೇಡ ಎಂದು ತಲೆಯಾಡಿಸಿದರು. ಹೊಲಿಸಿಕೊಂಡು ಗೆದ್ದರೆ ಅದು ಗೆಲುವೇ ಅಲ್ಲ ಎಂದರು. ಬಿಡಿಯಾಗಿ ಕುರ್ಚಿಯಲ್ಲಿ ಕೂತರು. ಬಟಾಣಿ ಹೊಸಬನ ಬೂಟು ಮೂಸಿತು, ಸರಪಳಿ ಮೂಸಿತು, ಆಮೇಲೆ ಹಿತ್ತಿಲ ನಟ್ಟನಡುವೆ ಹೋಗಿ ಸುತ್ತು ಹಾಕಿ ಕೂತಿತು.

ಮುಗಿಸಿ ಎದ್ದಿತು. ಹಿಂದಕ್ಕೆ ತಿರುಗಿ ಮೂಗು ಬಗ್ಗಿಸಿತು. ಅತ್ತಿಗೆಯ ಕಾಲ್ಬೆರಳುಗಳು ನೆಲವನ್ನು ಒತ್ತಿ ಹಿಡಿದಿದ್ದವು, ಕುರ್ಚಿಯ ಕೈ ಹಿಡಿದ ಗೆಣ್ಣುಗಳು ಬೆಳ್ಳಗಾಗಿದ್ದವು. ಆದರೆ ಅವರು ಅಲ್ಲಾಡಲಿಲ್ಲ. ನೋಟವನ್ನು ಎತ್ತಿ ಮರಿಯ ಕಣ್ಣಲ್ಲೇ ನೆಟ್ಟರು.

"ಬಟಾಣಿ, ಬಾ," ಎಂದರು, ಏನೂ ಅವಸರವಿಲ್ಲದ ದನಿಯಲ್ಲಿ.

ಮರಿ ತಲೆಯೆತ್ತಿತು. ಒಮ್ಮೆ ಕೆಳಗೆ ನೋಡಿತು, ಒಮ್ಮೆ ಅತ್ತಿಗೆಯನ್ನು ನೋಡಿತು. ಆಮೇಲೆ ಕಿವಿ ಎರಡನ್ನೂ ಹಾರಿಸಿಕೊಂಡು ಓಡಿ ಬಂದು ಅವರ ಮಡಿಲಿಗೆ ಮುಖ ಹುದುಗಿಸಿತು. ಮೊಟ್ಟೆ ತಿಂದಿತು, ಅಂಗೈ ನೆಕ್ಕಿತು, ತಿರುಗಿ ಕೂಡ ನೋಡಲಿಲ್ಲ. ಹಿತ್ತಿಲ ನಡುವೆ ಅದು ಮಾಡಿದ್ದು ಬಿಸಿಲಿನಲ್ಲಿ ಹಾಗೇ ಬಿದ್ದಿತ್ತು. ಅಷ್ಟು ಚೆನ್ನಾದ ನೋಟವನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಣ್ಣ ಶಿಳ್ಳೆ ಹಾಕಿದ, ಆ ವಯಸ್ಸಿನಲ್ಲಿ. ಅತ್ತಿಗೆ ಮರಿಯ ನೆತ್ತಿಗೆ ಮುಖ ಒತ್ತಿ ಅತ್ತರೋ ನಕ್ಕರೋ ತಿಳಿಯದಂತೆ ಎರಡೂ ಒಟ್ಟಿಗೇ ನಡೆದಿತ್ತು.

ಕಾವಲುಗಾರನಿಗೆ ತಲೆಬುಡ ತಿಳಿಯಲಿಲ್ಲ. ಸರಪಳಿ ಜಾಡಿಸಿ, ಕಟ್ಟಲಾ ಎಂದು ನನ್ನನ್ನೇ ಕೇಳಿದ, ಕರೆದವಳು ನಾನೇ ಅಲ್ಲವೇ.

"ಕೊಡಲ್ಲಪ್ಪ. ಅದು ನಮ್ಮನೇದು," ಎಂದೆ.

ಅವನು ಗೊಣಗುತ್ತ ಹೋದ. ಮಗಳ ಅಂಗಿಗೆ ಹೆಚ್ಚಿಗೆ ಎರಡು ಗುಂಡಿ ಹಾಕಿ ಸಮಾಧಾನ ಮಾಡಿದರಾಯಿತು ಎಂದುಕೊಂಡೆ. ತಿರುಗಿ ನೋಡಿದರೆ ಅತ್ತಿಗೆ ಕುಂಟುತ್ತ ಎದ್ದು ಮೊರದ ಕಡೆ ಕೈ ಚಾಚಿದ್ದರು. ನಾನು ಅವರ ಭುಜ ಹಿಡಿದು ಮತ್ತೆ ಕುರ್ಚಿಗೆ ಕೂರಿಸಿದೆ.

"ನೀವು ಕೂತ್ಕೊಳಿ ಅತ್ತಿಗೆ. ನಾನು ತೆಗೀತೀನಿ."

ಅವರು ಕೂತರು. ಮೂವತ್ತೊಂದು ವರ್ಷದಲ್ಲಿ ಅವರ ಮುಂದೆ ಇನ್ನೊಬ್ಬರು ಬಗ್ಗಿ ನೆಲ ತೊಳೆದದ್ದು ಅದೇ ಮೊದಲು. ನಾನು ಮೂಗು ಮುಚ್ಚದೆ ಎತ್ತಿದೆ, ನೀರು ಸುರಿದೆ, ಪೊರಕೆಯಲ್ಲಿ ಉಜ್ಜಿದೆ. ಅತ್ತಿಗೆ ಮಡಿಲಲ್ಲಿ ಬಟಾಣಿಯನ್ನು ಇಟ್ಟುಕೊಂಡು ರಾಣಿಯ ಹಾಗೆ ಬೆನ್ನು ನೆಟ್ಟಗೆ ಮಾಡಿ ನೋಡುತ್ತಿದ್ದರು. ಕೊನೆಗೆ ಕೈ ತೋರಿಸಿ, ಆ ಕಲ್ಲಿನ ಸಂದಿಯಲ್ಲಿ ಇನ್ನೂ ಉಳಿದಿದೆ ಎಂದರು. ನಾನು ಮತ್ತೆ ಬಗ್ಗಿ ಉಜ್ಜಿದೆ.