ಕೆಂಪು ಶಾಯಿಯ ನೂರಿಪ್ಪತ್ತು

ನಮ್ಮ ಹೈಸ್ಕೂಲಿನಲ್ಲಿ ಕಾಂತೇಶ್ ವಾರಕ್ಕೊಮ್ಮೆಯಾದರೂ ಸಾಯುತ್ತಿದ್ದ. ಒಂದು ವಾರ ಎದೆ ಹಿಡಿದುಕೊಂಡು ಕುಸಿಯುತ್ತಿದ್ದ, ಇನ್ನೊಂದು ವಾರ ಹಾವು ಕಚ್ಚಿಸಿಕೊಂಡು ಒದ್ದಾಡುತ್ತಿದ್ದ. ಮಕ್ಕಳು ಓಡಿ ಬಂದು ನಾಡಿ ಹಿಡಿದು, ಮಗ್ಗುಲಿಗೆ ಹೊರಳಿಸಿ, ಅವನನ್ನು ಬದುಕಿಸಬೇಕು. ಬದುಕಿಸಿದರೆ ಎದ್ದು ಪ್ಯಾಂಟಿನ ಧೂಳು ಕೊಡವಿ ಮಾರ್ಕ್ಸ್ ಹಾಕುತ್ತಿದ್ದ. ತಪ್ಪಿದರೆ ಕಣ್ಣು ಮುಚ್ಚಿಕೊಂಡೇ ಬೈಯುತ್ತಿದ್ದ: "ಏನ್ರೋ, ಸತ್ತೇ ಹೋದ್ನಲ್ರೋ ನಿಮ್ ಮೇಷ್ಟ್ರು!" ಪಕ್ಕದ ಕೋಣೆಯಲ್ಲಿ ಸಂಧಿ ಸಮಾಸ ಹೇಳಿಕೊಡುತ್ತಿದ್ದ ನನಗೆ ಆ ನಗು, ಚಪ್ಪಾಳೆ ಕೇಳಿ ಮೈಯುರಿಯುತ್ತಿತ್ತು. ಇಪ್ಪತ್ತಾರು ವರ್ಷದಲ್ಲಿ ನನ್ನ ಪಾಠಕ್ಕೆ ಒಬ್ಬರೂ ಚಪ್ಪಾಳೆ ತಟ್ಟಿದವರಿಲ್ಲ.

ನಾನು ರಾಧಮ್ಮ, ಕನ್ನಡ ಮೇಡಂ. ಗುಬ್ಬಿಯಿಂದ ಆಚೆ ಆರು ಕಿಲೋಮೀಟರ್ ದೂರದ ಸರ್ಕಾರಿ ಹೈಸ್ಕೂಲು ನಮ್ಮದು. ಕೆಲವು ವರ್ಷಗಳ ಹಿಂದೆ ನಮ್ಮಲ್ಲಿಗೂ ವೃತ್ತಿಶಿಕ್ಷಣ ಬಂತು. ಹಿಂದಿ ಬೇಡವೆಂದವರು ಒಂಬತ್ತು, ಹತ್ತನೇ ತರಗತಿಯಲ್ಲಿ ಅದರ ಬದಲು ಹೆಲ್ತ್‌ಕೇರ್ ತೆಗೆದುಕೊಳ್ಳಬಹುದು. ಕೈ ತೊಳೆಯುವುದು, ರೋಗಿಯ ಹಾಸಿಗೆ ಹಾಸುವುದು, ಜ್ವರ ನೋಡುವುದು, ಬಿ.ಪಿ. ನೋಡುವುದು, ಹೀಗೆ ಆಸ್ಪತ್ರೆ ಕೆಲಸದ ಅ ಆ ಇ ಈ. ಹೆಡ್‌ಮಾಸ್ಟರ್ ರೇವಣಸಿದ್ದಯ್ಯನವರು ಹಿಂದಿಯಲ್ಲಿ ಫೇಲಾಗುವ ಮಕ್ಕಳನ್ನೆಲ್ಲ ಹೆಕ್ಕಿ ಅದಕ್ಕೆ ತಳ್ಳಿದರು. ಅದಕ್ಕೆ ದಡ್ಡರ ಕ್ಲಾಸು ಎಂದು ಹೆಸರಿಟ್ಟವರು ಸ್ಟಾಫ್ ರೂಮಿನ ನಾವು. ನಾವು ಅಂದರೆ ನಾನೂ ಸೇರಿಯೇ.

ಆ ಕ್ಲಾಸಿಗೆ ಏಜೆನ್ಸಿಯೊಂದರ ಮೂಲಕ, ವರ್ಷದ ಗುತ್ತಿಗೆಯ ಮೇಲೆ ಬಂದವನು ಕಾಂತೇಶ್. ನನಗಿಂತ ಹತ್ತು ವರ್ಷ ಚಿಕ್ಕವನು, ತಮ್ಮನ ಹಾಗೆ, ಅದಕ್ಕೇ ಈ ಏಕವಚನ. ಕುಣಿಗಲ್ಲಿನವನು. ಅಪ್ಪ ಅಲ್ಲೊಬ್ಬ ಡಾಕ್ಟರ ಹತ್ತಿರ ಕಾಂಪೌಂಡರ್ ಆಗಿದ್ದರು. ಊರಿನವರಿಗೆಲ್ಲ ಔಷಧಿ ಕಟ್ಟಿಕೊಟ್ಟ ಆ ಮನುಷ್ಯ ಐವತ್ತೊಂದನೇ ವಯಸ್ಸಿನಲ್ಲಿ ಊಟಕ್ಕೆ ಕೂತವರು ತಟ್ಟೆಯ ಮೇಲೆ ಮಗುಚಿ ಬಿದ್ದರು. ಬಿ.ಪಿ. ಇತ್ತಂತೆ, ಮಾತ್ರೆ ನುಂಗಿರಲಿಲ್ಲವಂತೆ. ಎದುರಿಗೆ ಕೂತಿದ್ದವನು ಕಾಂತೇಶ್, ಆಗ ಪಿಯುಸಿ. ಮುಂದೆ ನರ್ಸಿಂಗ್ ಓದಿ, ಕುಣಿಗಲ್ಲಿನ ಒಂದು ನರ್ಸಿಂಗ್ ಹೋಮಿನಲ್ಲಿ ಹನ್ನೊಂದು ವರ್ಷ ದುಡಿದ. ಹೆದ್ದಾರಿಯ ಆಕ್ಸಿಡೆಂಟ್ ಕೇಸುಗಳೆಲ್ಲ ಅವನ ಕೈ ಮೇಲೆ ಹಾದು ಹೋದವು. "ಆರಾಮಾಗಿ ನಿದ್ದೆ ಮಾಡೋ ಕೆಲ್ಸ ಬೇಕು ಅನ್ನಿಸ್ತು ಮೇಡಂ, ಅದಕ್ಕೇ ಮೇಷ್ಟ್ರಾದೆ" ಎಂದು ನಮ್ಮನ್ನು ಚುಚ್ಚುತ್ತಿದ್ದ. ಹೆಂಡತಿ ಪಲ್ಲವಿಯ ಜೊತೆ ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದು, ದಿನಾ ಗುಬ್ಬಿ ಬಸ್ಸಿನಲ್ಲಿ ಬರುತ್ತಿದ್ದ.

ಬಿ.ಪಿ. ಪಾಠಕ್ಕೆ ಒಂದು ತೋಳು ಬೇಕಲ್ಲ. ಇಲಾಖೆ ಕೊಟ್ಟ ಪ್ಲಾಸ್ಟಿಕ್ ಗೊಂಬೆಗೆ ರಕ್ತವಿಲ್ಲ, ಮಕ್ಕಳ ತೋಳಿಗೆ ಪಟ್ಟಿ ಸುತ್ತಿದರೆ ಜಾರುತ್ತದೆ. ಕಾಂತೇಶ್ ತನ್ನ ಎಡತೋಳನ್ನೇ ಮೇಜಿನ ಮೇಲೆ ಚಾಚಿ, ಬಲಗೈಯಲ್ಲಿ ಕೆಂಪು ಪೆನ್ನು ಹಿಡಿದು ಕೂರುತ್ತಿದ್ದ. ಮೂವತ್ತು ಮಕ್ಕಳು ಸರದಿಯಲ್ಲಿ ಬಂದು ಪಟ್ಟಿ ಕಟ್ಟಿ, ಗಾಳಿ ಒತ್ತಿ, ಸ್ಟೆತಸ್ಕೋಪಿನಲ್ಲಿ ಕೇಳಿ ರೆಕಾರ್ಡ್ ಪುಸ್ತಕದಲ್ಲಿ ಬರೆಯಬೇಕು. ಬಹಳಷ್ಟು ಮಕ್ಕಳಿಗೆ ಏನೂ ಕೇಳಿಸುತ್ತಿರಲಿಲ್ಲ. ಪಾಠದ ಪುಸ್ತಕದಲ್ಲಿದ್ದ ನಾರ್ಮಲ್ ಬಿ.ಪಿ.ಯನ್ನೇ, ನೂರಿಪ್ಪತ್ತು ಎಂಬತ್ತು ಅಂತ, ಗಂಭೀರವಾಗಿ ಬರೆದುಬಿಡುತ್ತಿದ್ದರು. ಅದಕ್ಕೆ ಹತ್ತಕ್ಕೆ ಹತ್ತು.

ಸುಮನಾ ಒಬ್ಬಳು ಹಾಗೆ ಬರೆಯಲಿಲ್ಲ. ಒತ್ತಕ್ಷರ ಬಾರದೆ ನನ್ನಿಂದ ದಿನವೂ ಬೈಸಿಕೊಳ್ಳುತ್ತಿದ್ದ ಹತ್ತನೇ ತರಗತಿಯ ಹುಡುಗಿ. ಆದರೆ ಅವಳ ಕಿವಿ ಸೂಕ್ಷ್ಮ. ಅಟ್ಟದ ಮೇಲಿನ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಒಣಗಿದೆಯೋ ಹಸಿಯಿದೆಯೋ ಹೇಳುವ ಕೆಲಸ ಅವರ ಮನೆಯಲ್ಲಿ ಅವಳದೇ. ಜುಲೈ ತಿಂಗಳಲ್ಲಿ ಅವಳು ಬರೆದದ್ದು ನೂರ ಅರವತ್ತು ನೂರು. ಕಾಂತೇಶ್ ನಕ್ಕ. "ಕಿವಿ ತೊಳ್ಕೊಂಡ್ ಬಾ ಹೋಗೇ" ಎಂದು ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ನೂರಿಪ್ಪತ್ತು ಎಂಬತ್ತು ಎಂದು ಬರೆದ. ಆಗಸ್ಟಿನಲ್ಲಿ ನೂರ ಅರವತ್ತೆಂಟು. ಮತ್ತೆ ಕೆಂಪು ಶಾಯಿ. ನವೆಂಬರಿನಲ್ಲಿ ಅವಳು ನೂರ ಎಂಬತ್ತೆರಡು ಎಂದು ಬರೆದಾಗ ಅವನು ನಗಲಿಲ್ಲ, ಹತ್ತಕ್ಕೆ ನಾಲ್ಕು ಹಾಕಿದ.

ಅವತ್ತು ಅವಳು ರೆಕಾರ್ಡ್ ಹಿಡಿದುಕೊಂಡು ನನ್ನ ಹತ್ತಿರ ಬಂದಳು.

"ಮೇಡಂ, ನಂಗೆ ಸರ್ಯಾಗೇ ಕೇಳುಸ್ತದೆ. ಸಾರು ತಪ್ಪು ಅಂತಾರೆ. ನೀವಾರ ಒಸಿ ಹೇಳಿ."

"ಮೇಷ್ಟ್ರಿಗಿಂತ ಜಾಸ್ತಿ ಗೊತ್ತೇನೇ ನಿಂಗೆ? ಮೊದ್ಲು ಒತ್ತಕ್ಷರ ಕಲಿ ಹೋಗು" ಎಂದೆ. ಈ ಮಾತನ್ನು ವಾಪಸ್ ತೆಗೆದುಕೊಳ್ಳುವ ಹಾಗಿದ್ದರೆ ನನ್ನ ಪಿಂಚಣಿಯನ್ನಾದರೂ ಬಿಟ್ಟುಕೊಡುತ್ತೇನೆ.

ಆದರೂ ಮಧ್ಯಾಹ್ನ ಊಟದ ಹೊತ್ತಿಗೆ ಅವನನ್ನೇ ಕೇಳಿದೆ. ಅವನು ಮೊಸರನ್ನಕ್ಕೆ ಇನ್ನೊಂದು ಹೋಳು ಉಪ್ಪಿನಕಾಯಿ ಹಾಕಿಕೊಂಡ.

"ಬಿಡಿ ಮೇಡಂ, ಮಿಷನ್ ಹಳೇದು."

"ಹಳೇದಾದ್ರೆ ನನ್ ಕೈಗೂ ತಪ್ಪೇ ತೋರಿಸ್ಬೇಕಲ್ಲ. ಕಟ್ಟು ನೋಡಣ."

ಕಟ್ಟಿದ. ನನ್ನದು ನೂರಿಪ್ಪತ್ನಾಲ್ಕು ಎಂಬತ್ತು. ಮಿಷನ್ನಿಗೆ ಏನೂ ಆಗಿರಲಿಲ್ಲ. ಕಾಂತೇಶ್ ಪಟ್ಟಿಯನ್ನು ಬಿಚ್ಚಿ, ತುಂಬ ನಿಧಾನವಾಗಿ ಸುತ್ತಿ ಪೆಟ್ಟಿಗೆಗೆ ಇಟ್ಟ.

"ಪ್ರತೀ ಜೂನಲ್ಲಿ ನಂಗೆ ಹೊಸಾ ಆರ್ಡರು ಮೇಡಂ. ಏಜೆನ್ಸಿಯೋರು ಫಿಟ್‌ನೆಸ್ ಸರ್ಟಿಫಿಕೇಟ್ ಕೇಳ್ತಾರೆ. ಬಿ.ಪಿ. ಅಂತ ಎಲ್ಲಾದ್ರೂ ಬರ್ದ್ರೆ ಇನ್ನೊಬ್ಬನ್ನ ಕಳಿಸ್ತಾರೆ. ಈ ಜೂನೊಂದು ಕಳೀಲಿ, ತೋರಿಸ್ಕೊತೀನಿ. ಪಲ್ಲವಿಗೆ ಮಾತ್ರ ಹೇಳ್ಬೇಡಿ."

ಬಿ.ಪಿ. ಇದ್ದವರನ್ನೆಲ್ಲ ತೆಗೆದುಹಾಕಿದರೆ ನಮ್ಮ ಸ್ಟಾಫ್ ರೂಮಿಗೇ ಬೀಗ ಹಾಕಬೇಕಾಗುತ್ತಿತ್ತು. ಅದು ಅವನಿಗೂ ಗೊತ್ತು. ನಿಜವಾದ ಕಾರಣ ಆರ್ಡರ್ ಅಲ್ಲ, ಅವನ ಅಪ್ಪನ ಊಟದ ತಟ್ಟೆ. ಒಮ್ಮೆ ಒಪ್ಪಿಕೊಂಡರೆ ಆ ತಟ್ಟೆ ತನ್ನ ಮುಂದೆಯೂ ಬಂದು ಕೂರುತ್ತದೆ ಎಂದು ಆ ಪುಣ್ಯಾತ್ಮ ಹೆದರಿದ್ದ. ಊರಿಗೆಲ್ಲ ಬುದ್ಧಿ ಹೇಳುವವನಿಗೆ ತನ್ನ ಬುದ್ಧಿ ತನಗಾಗಲಿಲ್ಲ. ನಾನಾದರೂ ಜುಟ್ಟು ಹಿಡಿದು ಎಳೆದುಕೊಂಡು ಹೋಗಬೇಕಿತ್ತು. ಜೂನ್ ತಾನೆ ಎಂದು ಸುಮ್ಮನಾದೆ.

ಡಿಸೆಂಬರಿನಲ್ಲಿ ಅವನು ಮೆಟ್ಟಿಲು ಹತ್ತುವಾಗ ನಡುವೆ ನಿಂತು ಫೋನ್ ನೋಡುವ ಅಭ್ಯಾಸ ಮಾಡಿಕೊಂಡ. ಫೋನಿನ ಪರದೆ ಕಪ್ಪಾಗಿಯೇ ಇರುತ್ತಿತ್ತು. ಜನವರಿಯಲ್ಲಿ ಒಂದು ಬೆಳಿಗ್ಗೆ, ನಾಡಗೀತೆ ನಡೆಯುತ್ತಿರುವಾಗ, ಅವನ ಮೂಗಿನಿಂದ ರಕ್ತ ಬಿಳಿ ಅಂಗಿಯ ಮೇಲೆ ತೊಟ್ಟಿಕ್ಕಿತು. "ಉಷ್ಣ" ಎಂದ. ಸುಮನಾ ಸಾಲಿನಲ್ಲಿ ನಿಂತು ಅವನನ್ನೇ ನೋಡುತ್ತಿದ್ದಳು. ಆ ತಿಂಗಳ ರೆಕಾರ್ಡಿನಲ್ಲಿ ಅವಳು ಬರೆದದ್ದು ನೂರ ತೊಂಬತ್ತಾರು. ಅದಕ್ಕೂ ಕೆಂಪು ಶಾಯಿ ಬಿತ್ತು.

ಫೆಬ್ರವರಿಯಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂದಾಗ ಅವನು ಲಕ್ವದ ಪಾಠ ಶುರುಮಾಡಿದ. ಮುಖ, ಕೈ, ಮಾತು, ಟೈಮು, ಎಂದು ಮಕ್ಕಳಿಂದ ಮಗ್ಗಿಯ ಹಾಗೆ ಹೇಳಿಸುತ್ತಿದ್ದ. ಮುಖ ಸೊಟ್ಟಗಾಯಿತಾ ನೋಡಿ, ಕೈ ಎತ್ತಿಸಿ, ಮಾತಾಡಿಸಿ, ಮೊದಲು ಗಡಿಯಾರ ನೋಡಿ ಟೈಮು ಬರೆದಿಡಿ. ಆಮೇಲೆ ತಾನೇ ಬಾಯಿ ಸೊಟ್ಟ ಮಾಡಿ, ಎಡಗೈ ಜೋತುಹಾಕಿ, ತೊದಲಿ ತೋರಿಸುತ್ತಿದ್ದ. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಗೋಡೆಯ ಈಚೆ ನಾನು ಮಾತ್ರ ಆ ವಾರವೆಲ್ಲ ನಗು ಕೇಳಿದಾಗ ಪಾಠ ನಿಲ್ಲಿಸಿ, ಅವನ ಬೈಗುಳ ಕೇಳಿಸುವವರೆಗೆ ಕಾಯುತ್ತಿದ್ದೆ.

ಒಂದು ಬುಧವಾರ, ಮೂರನೇ ಪೀರಿಯಡ್ಡು. ಪಕ್ಕದ ಕೋಣೆಯಲ್ಲಿ ಜೋರು ಚಪ್ಪಾಳೆ. ಯಾವತ್ತಿಗಿಂತ ಹೆಚ್ಚು ಹೊತ್ತು ಹೊಡೆದರು. ಮತ್ತೆ ನಿಂತಿತು. ಬೈಗುಳ ಕೇಳಿಸಬೇಕಿತ್ತು, ಕೇಳಿಸಲಿಲ್ಲ. ನಾನು ಸೀಮೆಸುಣ್ಣ ಕೈಯಲ್ಲಿ ಹಿಡಿದೇ ಓಡಿದೆ.

ಕಾಂತೇಶ್ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ. ಬಾಯಿ ಒಂದು ಕಡೆಗೆ ಎಳೆದಿತ್ತು, ಜೊಲ್ಲು ಇಳಿಯುತ್ತಿತ್ತು. ಅರ್ಧ ಕ್ಲಾಸು ಇನ್ನೂ ನಗುಮುಖದಲ್ಲೇ ಇತ್ತು. "ಸಾರು ಇವತ್ತು ಸೂಪರ್ ಆಕ್ಟಿಂಗ್ ಮೇಡಂ" ಎಂದ ಮುಂದಿನ ಬೆಂಚಿನ ಹುಡುಗ. ಕಪ್ಪುಹಲಗೆಯ ಮೇಲೆ ದೊಡ್ಡ ಅಂಕಿಗಳಲ್ಲಿ 11.20 ಎಂದು ಬರೆದಿತ್ತು. ಸುಮನಾ ಅವನ ಪಕ್ಕ ಮಂಡಿಯೂರಿ, ಎಡತೋಳಿಗೆ ಪಟ್ಟಿ ಕಟ್ಟಿ, ಕಿವಿಗೆ ಸ್ಟೆತಸ್ಕೋಪ್ ಇಟ್ಟುಕೊಂಡಿದ್ದಳು.

"ಇನ್ನೂರಿಪ್ಪತ್ತು ಮೇಡಂ. ಇದು ನಾಟ್ಕ ಅಲ್ಲ."

"ಹೆಂಗೇ ಗೊತ್ತಾಯ್ತು ನಿಂಗೆ?"

"ನಾಟ್ಕದಾಗೆ ಸಾರು ಯಾವಾಗ್ಲೂ ಎಡಗೈ ಬೀಳುಸ್ತಿದ್ರು. ಬಲಗೈಲಿ ಪೆನ್ ಇರ್ತಿತ್ತಲ್ಲ. ಇವತ್ತು ಪೆನ್ನೇ ಬಿದ್ದೋಯ್ತು."

ಕೆಂಪು ಪೆನ್ನು ಅವನ ಕಾಲ ಬಳಿ ಬಿದ್ದಿತ್ತು. ಅವನು ಅದನ್ನೇ ನೋಡುತ್ತಿದ್ದ, ಎತ್ತಿಕೊಳ್ಳಲು ಆಗುತ್ತಿರಲಿಲ್ಲ.

ಆಂಬುಲೆನ್ಸ್ ಬಂತು. ತುಮಕೂರಿನ ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರ್ ಮೊದಲು ಕೇಳಿದ್ದು ಒಂದೇ ಪ್ರಶ್ನೆ, ಶುರುವಾಗಿದ್ದು ಎಷ್ಟು ಗಂಟೆಗೆ? ಹನ್ನೊಂದು ಇಪ್ಪತ್ತು, ಎಂದೆ. ಅಂದಾಜಾ, ಖಚಿತಾನಾ? ಖಚಿತ, ಸುಮನಾ ಬೋರ್ಡಿನ ಮೇಲೆ ಬರೆದಿದ್ದಾಳೆ, ಎಂದೆ. ಹೊತ್ತು ಮೀರಿದ್ದರೆ ಮಿದುಳಿನ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡುವ ಹಾಗಿರಲಿಲ್ಲವಂತೆ. ಮೀರಿರಲಿಲ್ಲ, ಕೊಟ್ಟರು. ಕಾಂತೇಶ್ ಉಳಿದ. ಬಲಗೈ ಉಳಿಯಲಿಲ್ಲ, ಮಾತು ಅರ್ಧ ಉಳಿಯಿತು.

ಪ್ರಾಕ್ಟಿಕಲ್ ಪರೀಕ್ಷೆಗೆ ಮುಂಚೆ ಅವನ ಬದಲು ರೆಕಾರ್ಡುಗಳಿಗೆ ಸಹಿ ಹಾಕುವ ಕೆಲಸವನ್ನು ರೇವಣಸಿದ್ದಯ್ಯನವರು ನನಗೆ ಅಂಟಿಸಿದರು. ಸುಮನಾಳ ಪುಸ್ತಕ ತೆಗೆದೆ. ಜುಲೈಯಿಂದ ಜನವರಿಯವರೆಗೆ, ದಸರಾ ರಜೆಯ ಅಕ್ಟೋಬರ್ ಬಿಟ್ಟು, ಆರು ತಿಂಗಳು, ಆರು ಪುಟ. ಹೊಡೆದುಹಾಕಿದ ಗೀಟಿನ ಕೆಳಗೆ ಅವಳ ಅಂಕಿಗಳು ಮೆಟ್ಟಿಲು ಹತ್ತಿದ್ದವು, ಪಕ್ಕದಲ್ಲಿ ಅವನ ನೂರಿಪ್ಪತ್ತು ಕದಲದೆ ನಿಂತಿತ್ತು. ನಾನು ಸಹಿ ಹಾಕಲಿಲ್ಲ. ಭಾನುವಾರ ಆ ಹುಡುಗಿಯನ್ನು ಕರೆದುಕೊಂಡು, ಆಸ್ಪತ್ರೆಯಿಂದ ಮನೆಗೆ ಬಂದಿದ್ದ ಅವನನ್ನು ನೋಡಲು ಉಪ್ಪಾರಹಳ್ಳಿಗೆ ಹೋದೆ.

ಪಲ್ಲವಿ ಅವನನ್ನು ಕುರ್ಚಿಯಲ್ಲಿ ಕೂರಿಸಿದ್ದಳು. ನನ್ನ ಮುಖ ಕಂಡೊಡನೆ, "ನಿಮಗೆ ನವೆಂಬರಲ್ಲೇ ಗೊತ್ತಿತ್ತಂತಲ್ಲ ಮೇಡಂ" ಎಂದಳು. ಗೊತ್ತಿತ್ತು ಎಂದೆ. ಅವಳು ಒಳಗೆ ಹೋಗಿ ಕಾಫಿ ತಂದಿಟ್ಟಳು.

ಸುಮನಾ ಅವನ ಎಡತೋಳಿಗೆ ಪಟ್ಟಿ ಕಟ್ಟಿ, ಕೇಳಿ, ನೂರ ನಲವತ್ತೆಂಟು ತೊಂಬತ್ತು ಎಂದು ಬರೆದಳು. ಬರೆದು, ಅಭ್ಯಾಸಬಲದಿಂದ, ಪುಸ್ತಕವನ್ನು ಅವನ ಮುಂದೆ ಹಿಡಿದಳು. ಕಾಂತೇಶ್ ಎಡಗೈ ಚಾಚಿದ. ನಾನು ಚೀಲದಿಂದ ಅವನ ಕೆಂಪು ಪೆನ್ನು ತೆಗೆದು ಬೆರಳುಗಳ ನಡುವೆ ಇಟ್ಟೆ. ಅವನು ಆ ದಿನದ ಪುಟವನ್ನು ಮುಟ್ಟಲಿಲ್ಲ. ತಲೆಯಾಡಿಸಿ ಹಾಳೆ ಹಿಂದಕ್ಕೆ ತಿರುವಿಸಿದ, ಜುಲೈ ತಿಂಗಳಿನವರೆಗೆ. ಅಲ್ಲಿ ತಾನು ಬರೆದ ನೂರಿಪ್ಪತ್ತರ ಮೇಲೆ ಪೆನ್ನು ಒತ್ತಿದ. ಗೀಟು ಒಂದನೇ ತರಗತಿಯ ಮಗುವಿನದರ ಹಾಗೆ ಸೊಟ್ಟಂಬಟ್ಟ ಹೋಯಿತು.

ಆರು ಪುಟಕ್ಕೆ ಆರು ಗೀಟು. ಎಳೆದು ಮುಗಿಸುವಷ್ಟರಲ್ಲಿ ನಮ್ಮ ಕಾಫಿಯೆಲ್ಲ ಆರಿಹೋಗಿತ್ತು. ಕೊನೆಯ ಪುಟದ ಅಡಿಯಲ್ಲಿ ಅವನು ಹತ್ತು ಎಂದು ಬರೆಯಲು ನೋಡಿದ. ಒಂದು ಬಂತು, ಸೊನ್ನೆ ಸುತ್ತಲು ಕೈ ಬಗ್ಗಲಿಲ್ಲ. ಸುಮನಾ ಕಾದಳು, ಸಹಾಯಕ್ಕೆ ಕೈ ಹಾಕಲಿಲ್ಲ. ಪುಸ್ತಕ ಪರೀಕ್ಷೆಗೆ ಹಾಗೆಯೇ ಹೋಯಿತು, ಹತ್ತಕ್ಕೆ ಒಂದು ಎಂದು.