ಮೆಹಜಬೀನಳ ಎರಡು ವಿಂಡೋಸು

ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ, ತಿರುಪತಿ ಎಂಬುವನ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮೆಹಜಬೀನ ಇಪ್ಪತ್ತೊಂದು ವರ್ಷದಿಂದ ಕನ್ನಡ ಟೈಪ್ ಮಾಡುತ್ತಾಳೆ. ಕೊಪ್ಪಳದ ಸುತ್ತಮುತ್ತ ಮದುವೆಯಾದವರಲ್ಲಿ ಅರ್ಧ ಜನ ಮದುವೆ ಕಾರ್ಡಿನಲ್ಲಿ ಅವಳ ಬೆರಳ ಕೆಳಗೆ ಹಾದೇ ಗಂಡ ಹೆಂಡತಿಯಾದವರು. ಬಾಯಿ ಸ್ವಲ್ಪ ಜೋರು. ಮರಿ ಪುಢಾರಿಯೊಬ್ಬ ತನ್ನ ಹುಟ್ಟುಹಬ್ಬದ ಬ್ಯಾನರಿಗೆ ‘ಬಡವರ ಬಂಧು’ ಎಂದು ಹಾಕಲು ಹೇಳಿದಾಗ, “ಯಾವ ಬಡವರ್ರಿ? ಒಬ್ಬಂದರ ಹೆಸರು ಹೇಳ್ರಿ, ಕೆಳಗ ಹಾಕ್ತೀನಿ” ಎಂದವಳು. ತಿರುಪತಿ ಸಾಲಿ ಚಡ್ಡಿಯಲ್ಲಿದ್ದಾಗಲೇ ಅವನಪ್ಪ ಅವಳನ್ನು ಕೆಲಸಕ್ಕೆ ಇಟ್ಟುಕೊಂಡಿದ್ದ. ಹಾಗಾಗಿ ಮಾಲೀಕನಾದರೂ ಅವನು ಅವಳಿಗೆ ಅಕ್ಕ ಎನ್ನುತ್ತಾನೆ, ಅವಳು ಅವನಿಗೆ ಏಕವಚನದಲ್ಲೇ ಬೈಯುತ್ತಾಳೆ.

ಅವಳ ಕಂಪ್ಯೂಟರಿನಲ್ಲಿದ್ದದ್ದು ವಿಂಡೋಸ್ ಸೆವೆನ್. ಅವಳ ಕೈಗೆ ಕೂತ ಹಳೆಯ ಕನ್ನಡ ಸಾಫ್ಟ್‌ವೇರ್ ಅದರಲ್ಲಿ ಮಾತ್ರ ನಡೆಯುತ್ತಿತ್ತು. ಆದರೆ ಈಗಿನ ಗಿರಾಕಿಗಳು ಕಾರ್ಡಿನ ಒಕ್ಕಣೆಯನ್ನು ಮೊಬೈಲಿನಲ್ಲೇ ಬರೆದು ಕಳಿಸುತ್ತಾರೆ, ಹಳೆಯ ಸಾಫ್ಟ್‌ವೇರಿಗೆ ಅದರ ಒಂದಕ್ಷರವೂ ತಿಳಿಯುವುದಿಲ್ಲ. ತಿರುಪತಿ ಬೇಸತ್ತು ಗಂಗಾವತಿಯಿಂದ ವಿರುಪಾಕ್ಷಿ ಎಂಬ ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದ.

“ಹಳೇದನ್ನ ಅಳಿಸಿ ಹೊಸಾದು ಹಾಕಿಬಿಡ್ತೀನ್ರಿ,” ಎಂದ ವಿರುಪಾಕ್ಷಿ.

“ಅದರ ಜೋಡಿ ನನ್ನೂ ಅಳಿಸಿಬಿಡ್ರಿ,” ಎಂದಳು ಮೆಹಜಬೀನ.

ಜೋರಾಗಿಯೇನೋ ಅಂದಳು, ಒಳಗೆ ಮಾತ್ರ ಹೆದರಿದ್ದಳು. ಹೊಸ ಬಗೆಯ ಟೈಪಿಂಗಿನಲ್ಲಿ ಅವಳ ಬೆರಳುಗಳು ಅಂಗನವಾಡಿಯ ಕೂಸುಗಳು. ಟೈಪಿಂಗ್ ಬಾರದ ನಲವತ್ತೇಳರ ಹೆಂಗಸನ್ನು ಯಾವ ಪ್ರೆಸ್ಸಿನವನು ಇಟ್ಟುಕೊಳ್ಳುತ್ತಾನೆ?

ಕೊನೆಗೆ ವಿರುಪಾಕ್ಷಿಯೇ ದಾರಿ ಹೇಳಿದ. ಹಾರ್ಡ್ ಡಿಸ್ಕನ್ನು ಎರಡು ಪಾಲು ಮಾಡಿ, ಒಂದರಲ್ಲಿ ಹಳೆಯದನ್ನು ಹಾಗೇ ಬಿಟ್ಟು, ಇನ್ನೊಂದರಲ್ಲಿ ಹೊಸ ವಿಂಡೋಸ್ ಹಾಕಿದ. ಕಂಪ್ಯೂಟರ್ ಚಾಲೂ ಮಾಡಿದರೆ ಯಾವುದು ಬೇಕೆಂದು ಪರದೆ ಕೇಳುತ್ತದೆ, ಮೂವತ್ತು ಸೆಕೆಂಡು ಸುಮ್ಮನಿದ್ದರೆ ತಾನೇ ಹೊಸದಕ್ಕೆ ಹೋಗುತ್ತದೆ. ಮೆಹಜಬೀನ ಮೂರನೆಯ ಸೆಕೆಂಡಿಗೇ ಹಳೆಯದನ್ನು ಒತ್ತುತ್ತಿದ್ದಳು.

“ಎಂಟು ದಿನ ಎರಡೂ ಇರ್ಲಿ ಅಕ್ಕಾ,” ಎಂದ ತಿರುಪತಿ. “ಹಳೇದಿಲ್ಲದನ ಕೆಲಸ ನಡೀತಂದ್ರ ಅದನ್ನ ತಗಸೋದೇ.”

ಐದನೆಯ ದಿನ ದರ್ಜಿ ಮರ್ದಾನಸಾಬ ಕಿರಿಯ ಮಗಳು ಮುಬಾಶಿರಾಳ ನಿಕಾಹದ ಕಾರ್ಡು ಮಾಡಿಸಲು ಬಂದ. ಹಿರಿಯವಳ ಕಾರ್ಡು ಒಂಬತ್ತು ವರ್ಷದ ಹಿಂದೆ ಇಲ್ಲೇ ಆಗಿತ್ತು, ಅದೇ ಒಕ್ಕಣೆ ಸಾಕೆಂದ. ತಿರುಪತಿಗೆ ಹುರುಪು ಬಂತು. ಹೊಸ ವಿಂಡೋಸಿನಲ್ಲಿ ತಾನೇ ಕುಳಿತು, ಎಲ್ಲೋ ಸಿಕ್ಕ ಪುಕ್ಕಟೆ ಸಾಫ್ಟ್‌ವೇರಿನಿಂದ ಆ ಹಳೆಯ ಅಕ್ಷರಗಳನ್ನೆಲ್ಲ ಹೊಸ ಅಕ್ಷರಕ್ಕೆ ತಿರುಗಿಸಿ, ಮದುಮಕ್ಕಳ ಹೆಸರು, ತಾರೀಖು ಬದಲಿಸಿ ಹಾಳೆಯನ್ನು ಅವಳ ಮುಂದೆ ಹಿಡಿದ.

“ನೋಡಕ್ಕ, ಹೆಂಗೈತಿ?”

ಅವಳ ಕಣ್ಣಿಗೆ ಕೂಡಲೇ ಬಿತ್ತು. ಅಕ್ಷರ ತಿರುಗಿಸುವಾಗ ಅರ್ಕಾವತ್ತುಗಳೆಲ್ಲ ಒಂದೊಂದು ಮನೆ ಬಲಕ್ಕೆ ಜಿಗಿದು ಕೂತಿದ್ದವು. ‘ಸರ್ವರಿಗೂ’ ಹೋಗಿ ‘ಸವರ್ರಿಗೂ’ ಆಗಿತ್ತು. ಮರ್ದಾನಸಾಬ ‘ಮದಾರ್ನಸಾಬ’ ಆಗಿದ್ದ. ಇದು ಹೀಗೇ ಅಚ್ಚಾದರೆ ಹೊಸ ವಿಂಡೋಸಿನ ಮಾನ ಹರಾಜು, ಹಳೆಯದು ಉಳಿಯಿತು, ತಾನೂ ಉಳಿದಂತೆ.

“ಛಲೋ ಐತಿ,” ಎಂದಳು.

ಎಂಟನೆಯ ದಿನ ಮರ್ದಾನಸಾಬ ಕಾರ್ಡು ಹಿಡಿದು ಬಂದ. “ತಿರುಪತಿ, ಈ ಮದಾರ್ನಸಾಬ ಯಾವನೋ? ನನ್ನ ಮಗಳ ನಿಕಾಹಕ್ಕ ಊರಿಗೆಲ್ಲ ಕರ್ಯಾಕತ್ಯಾನ!”

ತಿರುಪತಿ ಹೊಸ ವಿಂಡೋಸಿಗೂ ವಿರುಪಾಕ್ಷಿಗೂ ಹಿಡಿಶಾಪ ಹಾಕಿದ. “ಅಕ್ಕಾ, ನಿಂದ ಖರೆ. ಹಳೇದು ಇರ್ಲಿ.”

ಗೆದ್ದಿದ್ದಳು. ಆದರೆ ಮರ್ದಾನಸಾಬ ಬೆಂಚಿನ ಮೇಲೆ ಕುಳಿತು ಕಾರ್ಡನ್ನು ಸವರುತ್ತ, “ನನಗೇನಿಲ್ಲ ಬಿಡು. ಮುಬಾಶಿರಾ ಭಾಳ ಅತ್ಲು. ಅಪ್ಪನ ಹೆಸರ ಕೆಡಿಸ್ಯಾರ ಅಂತ,” ಎಂದ. ಮೆಹಜಬೀನಳಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

“ಚಾಚಾ, ನಾ ನೋಡಿದ್ದೆ. ನೋಡಿನೂ ಛಲೋ ಐತಿ ಅಂದೆ.”

ತಿರುಪತಿಯ ಬಾಯಿಂದ ಬೈಗುಳ ಬರಲಿಲ್ಲ, ಅಳು ಬಂದಂತಿತ್ತು. “ಇಪ್ಪತ್ತೊಂದ ವರ್ಷ ಅಕ್ಕಾ. ನೀ ಛಲೋ ಐತಿ ಅಂದ್ರ ನಮ್ಮಪ್ಪನೂ ಕಣ್ಣುಮುಚ್ಚಿ ಛಾಪಿಸ್ಯಾನ, ನಾನೂ ಛಾಪಿಸೀನಿ.”

ಮರ್ದಾನಸಾಬ ಎದ್ದು ಆ ಕಾರ್ಡನ್ನು ಅವಳ ಕೀಬೋರ್ಡಿನ ಮೇಲಿಟ್ಟ. “ಹಾಕಿ ಕೊಡು ಬೇಟಿ. ಈ ಸಲ ಓದಿ ಹಾಕು.”

ಅವಳು ತಿರುಪತಿಯತ್ತ ನೋಡಿ ಮೆಲ್ಲಗೆ ಕೇಳಿದಳು, “ಯಾವ ವಿಂಡೋಸಿನಾಗ ಮಾಡ್ಲಿ?”

“ಯಾವುದರಾಗರ ಮಾಡಕ್ಕ,” ಎಂದ ತಿರುಪತಿ. “ಅದನ್ನ ಯಾರ ಕೇಳ್ಯಾರ?”