ಮುರಿದ ಪಿನ್ನನ್ನು ಕೋರ್ಟಿಗೆ ಕೊಟ್ಟ ಮೆಕ್ಯಾನಿಕ್

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ನಿಟ್ಟೂರಿನ ರೈಲು ಹಳಿಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಏಕಾಂತಯ್ಯ ಇದ್ದಿಲ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ತಿದಿ ಒತ್ತುತ್ತಿದ್ದಾರೆ. ಕೆಂಡದ ನಡುವೆ ಬೆರಳುದ್ದದ ಉಕ್ಕಿನ ಪಿನ್ನೊಂದು ಕಾಯುತ್ತಿದೆ. ಅವರ ಕಣ್ಣು ಅದರ ಬಣ್ಣದ ಮೇಲೆಯೇ ಇದೆ. ಪತ್ರಿಕೆಗೆ ಬರೆಯಲು ಬಂದಿರುವ ನಾನು ಏನೋ ಕೇಳಲು ಬಾಯಿ ತೆರೆದರೆ ಎಡಗೈ ಎತ್ತಿ ಸುಮ್ಮನಿರಿಸುತ್ತಾರೆ. ಮರುಕ್ಷಣವೇ ಪಿನ್ನನ್ನು ಇಕ್ಕಳದಲ್ಲಿ ಹಿಡಿದು ಹೊಂಗೆ ಎಣ್ಣೆಯ ಡಬ್ಬಕ್ಕೆ ಅದ್ದುತ್ತಾರೆ. ಶೆಡ್ಡಿನ ತುಂಬ ಹೊಗೆ.

"ಬಿಸ್ಲು ಬಂದ್ಮೇಲೆ ಬಣ್ಣ ಸುಳ್ಳು ಹೇಳ್ತೈತೆ ಸಾರ್," ಎನ್ನುತ್ತಾರೆ, ಹೆಗಲ ಮೇಲಿನ ಟವಲಿನಿಂದ ಕಣ್ಣೊರೆಸಿಕೊಳ್ಳುತ್ತ. "ಮಬ್ಬಿದ್ದಾಗ್ಲೇ ಕಾಯಿಸ್ಬೇಕು. ಅದಕ್ಕೇ ನಿಮ್ಮುನ್ನ ಇಷ್ಟೊತ್ತಿಗೆ ಬರೋಕೇಳಿದ್ದು."

ಪಿನ್ನು ಆರಿದ ಮೇಲೆ ಅದರ ಮೈಮೇಲೆ ಅರ ಉಜ್ಜಿ ನೋಡುತ್ತಾರೆ. ಅರ ಕಚ್ಚಿದರೆ ಉಕ್ಕು ಮೆತ್ತಗಿದೆ ಎಂದರ್ಥ. ಜಾರಿದರೆ ಗಟ್ಟಿ. ಜಾರಿತು. ಆದರೂ ಮತ್ತೆರಡು ಕಡೆ ಉಜ್ಜುತ್ತಾರೆ. ಆಮೇಲೆ, ಬರೀ ಗಟ್ಟಿಯಾದರೆ ಗಾಜಿನಂತೆ ಒಡೆಯುತ್ತದೆಂದು ಹದವಾಗಿ ಇನ್ನೊಮ್ಮೆ ಬಿಸಿ ಮಾಡುತ್ತಾರೆ. ಇಷ್ಟೆಲ್ಲ ಒಂದು ಪಿನ್ನಿಗೆ.

ಆ ಪಿನ್ನು ಸೇರುವುದು ಗೋಡೆಗೆ ಒರಗಿಸಿರುವ ಹಳೆಯ ಮೋಟರ್ ಸೈಕಲ್ಲಿನ ಮುಂದಿನ ಚಕ್ರ ಹಿಡಿಯುವ ಫೋರ್ಕಿಗೆ. ಎರಡನೇ ಮಹಾಯುದ್ಧದಲ್ಲಿ ಸಿಪಾಯಿಗಳು ಕಲ್ಲು ಮಣ್ಣೆನ್ನದೆ ಓಡಿಸಲೆಂದು ಮಾಡಿದ ಗಾಡಿಗಳಿವು. ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಬಿಕರಿಯಾಗಿ ಊರೂರು ಸೇರಿದವು. ಜನ ಇವನ್ನು ಮಿಲಿಟ್ರಿ ಗಾಡಿ ಎಂದೇ ಕರೆಯುತ್ತಾರೆ. ನೆಲದಿಂದ ಎತ್ತರ, ಭಾರದ ಚೌಕಟ್ಟು, ಎತ್ತಿನ ಗಾಡಿಯ ಜಾಡಿನಲ್ಲೂ ಹಳ್ಳದ ಮರಳಿನಲ್ಲೂ ಸಾಗುವ ಎಂಜಿನ್ನು. ಬಸ್ಸು ಕಾಣದ ಹಳ್ಳಿಗಳಿಗೆ ಹೋಗುವವರು ಇವತ್ತಿಗೂ ಇವನ್ನು ಬಿಟ್ಟಿಲ್ಲ. ಬಿಡಿ ಭಾಗ ಮಾತ್ರ ಎಲ್ಲೂ ಸಿಗುವುದಿಲ್ಲ. ಏಕಾಂತಯ್ಯನವರ ಲೆಕ್ಕದಲ್ಲಿ ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಕಡೆ ಸೇರಿ ಇನ್ನೂ ಮೂವತ್ತನಾಲ್ಕು ಓಡುತ್ತಿವೆ. ಅಷ್ಟೂ ಗಾಡಿಗೆ ಇವರೇ ವೈದ್ಯರು. ವಾರಕ್ಕೆ ಎರಡು, ಹೆಚ್ಚೆಂದರೆ ಮೂರು ಗಾಡಿ ಮುಗಿಸಿ ಕೊಡುತ್ತಾರೆ. ಕೊಡುವ ಮುಂಚೆ ಪ್ರತಿಯೊಂದನ್ನೂ ಕೆರೆ ಏರಿ, ಹಳ್ಳ, ಕಲ್ಲುದಾರಿಯ ಮೇಲೆ ಎಂಟು ಮೈಲಿ ತಾವೇ ಓಡಿಸುತ್ತಾರೆ. ವಯಸ್ಸು ಐವತ್ತಾರು. ಸೊಂಟ ಕೇಳುವುದಿಲ್ಲ. ಆದರೂ ಆ ಓಟವನ್ನು ಬೇರೆಯವರಿಗೆ ಬಿಡುವುದಿಲ್ಲ.

ಹುಟ್ಟಿದ್ದು ಗೂಳೂರಿನಲ್ಲಿ. ಯುದ್ಧಕಾಲದಲ್ಲಿ ಸೈನ್ಯದ ಗಾಡಿ ರಿಪೇರಿ ಮಾಡಿ ಊರಿಗೆ ಮರಳಿದ್ದ ವೆಂಕಟರಂಗಯ್ಯ ಎಂಬುವರ ಹತ್ತಿರ ಕೆಲಸ ಕಲಿತರು. ತುಮಕೂರಿನ ಗುಬ್ಬಿ ಗೇಟಿನ ಬಳಿ ಸ್ವಂತ ಅಂಗಡಿ ಹಾಕಿದರು. ಎಪ್ಪತ್ತರ ದಶಕದಲ್ಲಿ ಆ ಅಂಗಡಿಯ ಮುಂದೆ ಗಾಡಿ ನಿಲ್ಲಿಸಲು ಜಾಗ ಇರುತ್ತಿರಲಿಲ್ಲವಂತೆ. ಅಲ್ಲಿಂದ ಈ ತಗಡಿನ ಶೆಡ್ಡಿಗೆ ಹೇಗೆ ಬಂದಿರಿ ಎಂದು ಕೇಳುತ್ತೇನೆ. ಅವರು ಮರೆಮಾಚುವುದಿಲ್ಲ.

1978ರ ಶ್ರಾವಣ. ಯಡಿಯೂರಿನ ಸುತ್ತಮುತ್ತ ದನಗಳಿಗೆ ಕಾಲುಬಾಯಿ ಜ್ವರ ಹಬ್ಬಿತ್ತು. ದನಗಳಿಗೆ ಚುಚ್ಚುಮದ್ದು ಹಾಕುವ ಸರ್ಕಾರಿ ನೌಕರ ಬೆಟ್ಟಸ್ವಾಮಿ ದಿನಾ ಮಿಲಿಟ್ರಿ ಗಾಡಿಯಲ್ಲಿ ಆ ಕಡೆ ಓಡಾಡುತ್ತಿದ್ದ. ಹನ್ನೆರಡು ವರ್ಷಗಳಿಂದ ಗಿರಾಕಿ, ಗೆಳೆಯ. ಫೋರ್ಕಿನ ಪಿನ್ನು ಸವೆದು ಗಾಡಿ ಎಳೆದಾಡುತ್ತಿದೆಯೆಂದು ಬಂದ. ಏಕಾಂತಯ್ಯನವರ ಹತ್ತಿರ ಒಳ್ಳೆಯ ಉಕ್ಕು ಮುಗಿದಿತ್ತು. ಕಾಯಿಸಲು ಹೊತ್ತೂ ಇರಲಿಲ್ಲ. ಬೆಟ್ಟಸ್ವಾಮಿ ಬಾಗಿಲಲ್ಲೇ ನಿಂತು ಅವಸರ ಮಾಡುತ್ತಿದ್ದ.

"ಒಂದು ಮಾಮೂಲಿ ಬೋಲ್ಟು ಕುಯ್ದು ಪಿನ್ನು ಮಾಡಾಕ್ದೆ. ಮೆತ್ತನೆ ಕಬ್ಬಿಣ ಅಂತ ನಂಗೊತ್ತಿತ್ತು. ವಾಪಸ್ ಬಂದಾಗ ಬದಲಾಯಿಸಿದ್ರಾಯ್ತು ಅಂದ್ಕಂಡೆ. ಅವನಿಗೆ ಹೇಳ್ಲಿಲ್ಲ. ಹೇಳಿದ್ರೆ ನಿಧಾನಕ್ಕೋಗೋನು ಸಾರ್. ಒಂದು ಮಾತು. ಹೇಳ್ಲಿಲ್ಲ ನಾನು."

ಮೂರನೇ ದಿನ ಹಳ್ಳ ಇಳಿಯುವಾಗ ಪಿನ್ನು ತುಂಡಾಯಿತು. ಮುಂದಿನ ಚಕ್ರ ಮಡಚಿಕೊಂಡಿತು. ಬೆಟ್ಟಸ್ವಾಮಿಯ ತಲೆ ಬಂಡೆಗೆ ಬಡಿಯಿತು. ಸುದ್ದಿ ಕೇಳಿ ಏಕಾಂತಯ್ಯ ಅಲ್ಲಿಗೆ ಓಡಿದಾಗ ಹೆಣ ಸಾಗಿಸಿಯಾಗಿತ್ತು, ಗಾಡಿ ಮಾತ್ರ ನೀರಿನಲ್ಲಿ ಬಿದ್ದಿತ್ತು. ಫೋರ್ಕಿನಲ್ಲಿ ಉಳಿದಿದ್ದ ಅರ್ಧ ಪಿನ್ನನ್ನು ನೋಡಿದ ಕೂಡಲೇ ಗುರುತು ಹಿಡಿದರು. ಯಾರಿಗೂ ಕಾಣದಂತೆ ಕಿತ್ತು ಜೇಬಿಗೆ ಹಾಕಿಕೊಂಡರು.

ಪೊಲೀಸರು ಪಂಚನಾಮೆಯಲ್ಲಿ ಅತಿವೇಗ ಎಂದು ಬರೆದರು. ಪ್ರಕರಣ ಅಲ್ಲಿಗೆ ಮುಗಿಯಿತು. ಪಿನ್ನು ಹದಿನಾಲ್ಕು ತಿಂಗಳು ಮನೆಯ ಗೂಡಿನಲ್ಲಿ ಬಟ್ಟೆಯಲ್ಲಿ ಸುತ್ತಿಕೊಂಡು ಕೂತಿತ್ತು. ಏಕಾಂತಯ್ಯ ಅಂಗಡಿ ತೆರೆಯುತ್ತಿದ್ದರು, ದುಡಿಯುತ್ತಿದ್ದರು, ಊಟ ಮಾತ್ರ ಸೇರುತ್ತಿರಲಿಲ್ಲ.

ಒಂದು ದಿನ ಬೆಟ್ಟಸ್ವಾಮಿಯ ಹೆಂಡತಿ ಬಸವಲಿಂಗಮ್ಮ ಅಂಗಡಿಗೆ ಬಂದರು. ಗಂಡ ತನ್ನ ತಪ್ಪಿನಿಂದಲೇ ಸತ್ತನೆಂದು ಫೈಲಿನಲ್ಲಿ ಬರೆದು, ಅನುಕಂಪದ ಮೇಲೆ ಅವರಿಗೆ ಕೊಡಬೇಕಾದ ಕೆಲಸವನ್ನು ಕಚೇರಿಯವರು ತಡೆಹಿಡಿದಿದ್ದರು.

"ಅಣ್ಣಾ, ನಮ್ಮೆಜಮಾನ್ರು ಜೋರಾಗಿ ಓಡುಸ್ತಿರ್ಲಿಲ್ಲ ಅಂತ ನೀವಾದ್ರೂ ಒಂದು ಕಾಗ್ದ ಬರ್ಕೊಡಿ. ಅವ್ರ ಗಾಡಿ ವಿಚಾರ ನಿಮಗಿಂತ ಗೊತ್ತಿರೋರು ಯಾರವ್ರೆ?" ಎಂದರಂತೆ.

ಏಕಾಂತಯ್ಯ ಕಾಗದ ಬರೆಯಲಿಲ್ಲ. ಮನೆಗೆ ಹೋಗಿ ಗೂಡಿನಿಂದ ಬಟ್ಟೆಯ ಗಂಟು ತಂದರು. ಆಕೆಯ ಎದುರೇ ಬಿಚ್ಚಿದರು. ಇದು ನಾನು ಹಾಕಿದ ಪಿನ್ನು, ಇದೇ ಮುರಿದದ್ದು ಎಂದರು. ಬಸವಲಿಂಗಮ್ಮ ಬೈಯಲಿಲ್ಲ, ಅಳಲಿಲ್ಲ. ಪಿನ್ನನ್ನು ನೋಡಿ ಎದ್ದು ಹೊರಟುಹೋದರು. ಮಾರನೆಯ ದಿನ ಏಕಾಂತಯ್ಯ ಪಿನ್ನನ್ನು ಪೊಲೀಸರ ಮೇಜಿನ ಮೇಲಿಟ್ಟರು.

"ಮುಗುದೋಗಿರೋ ಕೇಸು, ಮನೆಗೋಗಯ್ಯ ಅಂದ್ರು. ಬರ್ಕಳೋವರ್ಗೂ ಏಳಲ್ಲ ಅಂತ ಅಲ್ಲೇ ಕೂತೆ."

ಕೋರ್ಟಿನಲ್ಲಿ ವಕೀಲರನ್ನೂ ಇಡಲಿಲ್ಲ. ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದವನೆಂದು ಆರು ತಿಂಗಳ ಸಜೆಯಾಯಿತು. ಪಿನ್ನು ಕೋರ್ಟಿನಲ್ಲೇ ಉಳಿಯಿತು. ಜೈಲಿನಿಂದ ಬರುವಷ್ಟರಲ್ಲಿ ಅಂಗಡಿ ಬೇರೆಯವರ ಪಾಲಾಗಿತ್ತು. ತುಮಕೂರಿನಲ್ಲಿ ಕೊಲೆಗಾರ ಎಂಬ ಹೆಸರು ಬೆನ್ನು ಬಿಡಲಿಲ್ಲ. ಎಂಬತ್ತೊಂದರಲ್ಲಿ ಹೆಂಡತಿಯ ತವರಾದ ಈ ಊರಿಗೆ ಬಂದು ಶೆಡ್ಡು ಹಾಕಿದರು. ಮೊದಲ ಎಂಟು ತಿಂಗಳು ಒಂದು ಗಾಡಿಯೂ ಬರಲಿಲ್ಲ.

ಹೆಂಡತಿ ಸಿದ್ದಗಂಗಮ್ಮ ಕಾಫಿ ತಂದಿಡುತ್ತಾರೆ. ಅವರ ಸಿಟ್ಟು ಇನ್ನೂ ಆರಿಲ್ಲ. "ಯಾರೂ ಕೇಳಿರ್ಲಿಲ್ಲ ಸ್ವಾಮಿ. ತಾವಾಗೇ ಹೋಗಿ ಕೊರಳು ಒಡ್ಡಿದ್ರು. ಜೈಲಿಗೋದೋನ ಮಗಳು ಅಂತ ನನ್ ಮಗಳಿಗೆ ಬಂದ ಮೂರು ಸಂಬಂಧ ಮುರುದೋದ್ವು. ಅವಳು ಅಪ್ಪನ್ನ ಮಾತಾಡಿಸಿ ಆರು ವರ್ಸ ಆಯ್ತು."

"ಇವಳು ಹೇಳೋದು ನಿಜ," ಎಂದು ಹೇಳಿ ಏಕಾಂತಯ್ಯ ಸ್ಪ್ಯಾನರ್ ಎತ್ತಿಕೊಳ್ಳುತ್ತಾರೆ.

ಮಧ್ಯಾಹ್ನ ಗುಬ್ಬಿಯಲ್ಲಿ ಬಸವಲಿಂಗಮ್ಮನವರನ್ನು ಹುಡುಕಿಕೊಂಡು ಹೋಗುತ್ತೇನೆ. ಏಕಾಂತಯ್ಯನವರಿಗೆ ಶಿಕ್ಷೆಯಾದ ಮೇಲೆ ಗಂಡನ ಫೈಲಿನಲ್ಲಿದ್ದ ಅತಿವೇಗ ಎಂಬ ಮಾತು ಹೋಯಿತು, ಇವರಿಗೆ ಅಟೆಂಡರ್ ಕೆಲಸ ಸಿಕ್ಕಿತು. ಏಕಾಂತಯ್ಯನವರ ಹೆಸರೆತ್ತಿದ ಕೂಡಲೇ ನನ್ನ ಮಾತನ್ನು ತಡೆಯುತ್ತಾರೆ.

"ಆವಯ್ಯನ ಮುಖ ನೋಡಕ್ಕೆ ನನ್ ಕೈಲಾಗಲ್ಲ. ಕ್ಷಮಿಸ್ದೆ ಅಂತ ಪೇಪರ್ನಾಗೆ ಬರೀಬೇಡಿ, ಕ್ಷಮಿಸಿಲ್ಲ," ಎನ್ನುತ್ತಾರೆ. ಬಾಗಿಲವರೆಗೆ ಹೋದ ನನ್ನನ್ನು ಮತ್ತೆ ಕರೆಯುತ್ತಾರೆ. "ನನ್ ತಮ್ಮ ವೆಂಕಟಯ್ಯ ಹಾಲು ಸಾಗ್ಸೋಕೆ ಅಂತ ಅಂಥದೇ ಗಾಡಿ ತಗಂಡ. ಬ್ಯಾಡ ಕಣೋ ಅಂದ್ರೂ ಕೇಳ್ಲಿಲ್ಲ. ಹಂಗಾದ್ರೆ ನಿಟ್ಟೂರಲ್ಲಿ ಬುಟ್ಟು ಬ್ಯಾರೆ ಎಲ್ಲೂ ರಿಪೇರಿ ಮಾಡಿಸ್ಬೇಡ ಅಂದೆ. ಯಾರ ತಮ್ಮ ಅಂತ ಹೇಳ್ಬೇಡ ಅಂತಾನೂ ಅಂದೆ. ಎರಡು ವರ್ಸದಿಂದ ಹೋಗ್ತವ್ನೆ."

ಇದನ್ನು ಏಕಾಂತಯ್ಯನವರಿಗೆ ಹೇಳಬಹುದೇ ಎಂದು ಕೇಳುತ್ತೇನೆ. "ಹೇಳ್ಕಳಿ," ಎನ್ನುತ್ತಾರೆ.

ಸಂಜೆ ನಿಟ್ಟೂರಿಗೆ ಮರಳಿ ಹೇಳುತ್ತೇನೆ. ಏಕಾಂತಯ್ಯ ಸ್ಪ್ಯಾನರನ್ನು ಕೆಳಗಿಡುತ್ತಾರೆ.

"ವೆಂಕಟಯ್ಯ... ಹಾಲಿನ ಕ್ಯಾನು ಕಟ್ಕಂಡು ಬರ್ತಾನಲ್ಲ, ಅವನಾ? ಆಯಮ್ಮನೇ ಕಳಿಸಿದ್ದಾ?"

ಹೌದು ಎನ್ನುತ್ತೇನೆ. ಅವರು ಗ್ರೀಸು ಮೆತ್ತಿದ ಕೈಗಳನ್ನು ಟವಲಿಗೆ ಮತ್ತೆ ಮತ್ತೆ ಒರೆಸುತ್ತಾರೆ. ನಾನು ಹೊರಡಲು ಎದ್ದಾಗ ನಿಲ್ಲಿಸುತ್ತಾರೆ.

"ಸಾರ್, ಆ ಹುಡ್ಗುಂಗೆ ಒಂದ್ಸಲ ಬಂದೋಗಾಕೆ ಹೇಳಿ. ಮುಂದಿನ ಚಕ್ರ ಇನ್ನೊಂದು ಕಿತ ಬಿಚ್ಚಿ ನೋಡ್ತೀನಿ. ಏನೂ ಆಗಿರಲ್ಲ, ನಂಗೊತ್ತು. ಆದ್ರೂ ನೋಡ್ತೀನಿ."